ಅಣ್ಣ ಕುಡಿಯುತ್ತಿರಲಿಲ್ಲ

ನಮ್ಮ ಕಡೆ ಯಾರಿಗಾದರೂ ಲಿವರ್ ಹೋಯಿತು ಎಂದರೆ ಮರುಪ್ರಶ್ನೆ ಒಂದೇ: "ಎಷ್ಟು ಕುಡೀತಿದ್ದ?" 2013ರಲ್ಲಿ ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ನನ್ನ ಅಣ್ಣ ಸಿರೋಸಿಸ್‌ನಿಂದ ತೀರಿಕೊಂಡಾಗಲೂ ತಿಥಿಯ ಪಂಕ್ತಿಯಲ್ಲಿ ಕೂತವರು ಇದನ್ನೇ ಪಿಸುಗುಟ್ಟಿದರು. ಅವನಿಗೆ ಆಗ 41 ವರ್ಷ. ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ. ಕಾಫಿ ಬಿಟ್ಟರೆ ಬೇರೆ ಚಟವಿರಲಿಲ್ಲ. ಕಾಮಾಲೆ ಕಾಣಿಸಿಕೊಂಡಾಗ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದ್ದರು. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮೇಲೆ ಬೆಂಗಳೂರಿಗೆ ಕರೆದೊಯ್ದರು. ಅದು ಹೆಪಟೈಟಿಸ್ ಬಿ ಎಂದು ತಿಳಿದದ್ದು ಅಲ್ಲಿ, ತೀರಾ ತಡವಾಗಿ.

"ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ" ಎಂದರು ವೈದ್ಯರು. ಅಮ್ಮನಿಗೂ ಇತ್ತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತು ಪರರ ತೆರಿಗೆ ಲೆಕ್ಕ ಬರೆಯುವ ನನಗೂ ಇತ್ತು. 64 ವರ್ಷದ ಅಮ್ಮನ ಲಿವರ್ ಚೊಕ್ಕವಾಗಿತ್ತು. ನನ್ನದರಲ್ಲಿ ಅಲ್ಲಲ್ಲಿ ಕಲೆ. ಅಣ್ಣನದು ಪೂರ್ತಿ ಗಂಟುಗಂಟಾಗಿ ಹೋಗಿತ್ತು. ಒಂದೇ ಮನೆ, ಒಂದೇ ವೈರಸ್, ಮೂರು ಬಗೆಯ ಫಲ. ಬಿಕಾಂ, ಸಿಎ ಓದಿದವನಿಗೆ ವೈದ್ಯಶಾಸ್ತ್ರ ಬಾರದು, ನಿಜ. ಆದರೆ ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಓದುತ್ತಾ ಹೋದಂತೆ ಈ ರೋಗದ ಚರಿತ್ರೆಯ ಎಷ್ಟೋ ಪುಟಗಳು ನಾನು ದಿನಾ ಓಡಾಡುವ ಈ ಊರುಗಳಲ್ಲೇ ಬರೆಯಲ್ಪಟ್ಟಿವೆ ಎಂದು ತಿಳಿಯಿತು.

ಬರೂಕ್ ಬ್ಲೂಮ್‌ಬರ್ಗ್ ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಆತ ಹುಡುಕಿ ಹೊರಟದ್ದು ವೈರಸ್ಸನ್ನಲ್ಲ. ಒಂದೇ ಪರಿಸರದಲ್ಲಿದ್ದರೂ ಕೆಲವರು ಕಾಯಿಲೆ ಬೀಳುತ್ತಾರೆ, ಕೆಲವರು ಬೀಳುವುದಿಲ್ಲ, ಯಾಕೆ? ವಂಶದಿಂದ ಬರುವ ರಕ್ತದ ವ್ಯತ್ಯಾಸಗಳಲ್ಲಿ ಉತ್ತರವಿರಬೇಕು ಎಂಬುದು ಆತನ ಊಹೆ. ನನ್ನ ಪ್ರಶ್ನೆಯೂ ಅದೇ ಆಗಿತ್ತಲ್ಲ! ಮತ್ತೆ ಮತ್ತೆ ರಕ್ತ ಪಡೆದ ರೋಗಿಗಳ ದೇಹದಲ್ಲಿ ಪರರ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆ. ಅಂಥವರ ಸೀರಮ್ಮನ್ನು ದೇಶದೇಶಗಳಿಂದ ತರಿಸಿದ ರಕ್ತದ ಮಾದರಿಗಳ ಎದುರು ಇಟ್ಟು ನೋಡುವುದು ಆತನ ವಿಧಾನ. 1960ರ ದಶಕದ ಆರಂಭದಲ್ಲಿ, ನ್ಯೂಯಾರ್ಕಿನವರೇ ಆದ ಹಾರ್ವಿ ಆಲ್ಟರ್ ಜೊತೆ ಈ ಕೆಲಸ ಮಾಡುತ್ತಿದ್ದಾಗ, ನ್ಯೂಯಾರ್ಕಿನ ಒಬ್ಬ ಹಿಮೋಫಿಲಿಯಾ ರೋಗಿಯ ಸೀರಮ್ ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದೊಡನೆ ಸೇರಿ ಗೆರೆ ಮೂಡಿಸಿತು. ಆ ವಸ್ತುವಿಗೆ 'ಆಸ್ಟ್ರೇಲಿಯಾ ಆಂಟಿಜನ್' ಎಂದು ಹೆಸರಿಟ್ಟರು.

ಅದು ಕುಟುಂಬಗಳಲ್ಲಿ ಗುಂಪಾಗಿ ಕಾಣಿಸುತ್ತಿತ್ತು. ಹಾಗಾಗಿ ಮೊದಲು ಬ್ಲೂಮ್‌ಬರ್ಗ್ ಕೂಡ ಅದನ್ನು ಆನುವಂಶಿಕ ಲಕ್ಷಣವೆಂದೇ ತಿಳಿದ. ಆದರೆ 1966ರಲ್ಲಿ, ಹಿಂದಿನ ಪರೀಕ್ಷೆಯಲ್ಲಿ ಈ ಆಂಟಿಜನ್ ಇರದಿದ್ದ ಡೌನ್ ಸಿಂಡ್ರೋಮಿನ ಒಬ್ಬ ರೋಗಿಯ ರಕ್ತದಲ್ಲಿ ಅದು ಹೊಸದಾಗಿ ಕಾಣಿಸಿಕೊಂಡಿತು. ಜೊತೆಗೆ ಅವನ ಲಿವರ್ ಊದಿಕೊಂಡಿತ್ತು. ಹುಟ್ಟಿನಿಂದ ಬಂದದ್ದು ನಡುವೆ ಬದಲಾಗುವುದುಂಟೆ? ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚವೆಂದು ಕ್ರಮೇಣ ಖಚಿತವಾಯಿತು. ಜೀನ್ ಹುಡುಕಲು ಹೋದವನಿಗೆ ವೈರಸ್ ಸಿಕ್ಕಿತು, 1976ರಲ್ಲಿ ನೊಬೆಲ್ ಬಂತು. ಒಂದು ಮನೆಯಲ್ಲಿ ಸಾಲಾಗಿ ಬರುವುದೆಲ್ಲ ವಂಶದ ದೋಷವಲ್ಲ ಎಂಬ ಪಾಠ ನನಗೆ ಅಲ್ಲಿ ಸಿಕ್ಕಿತು. ತಾಯಿಯಿಂದ ಹುಟ್ಟುವ ಹೊತ್ತಿನಲ್ಲಿ ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ಈ ವೈರಸ್ ಬೇರೂರಿಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹೆಚ್ಚಿನವರು ತಾವೇ ಗುಣವಾಗುತ್ತಾರೆ.

ಈ ಚರಿತ್ರೆಯಲ್ಲಿ ಹೆಮ್ಮೆಯ ಪುಟಗಳಷ್ಟೇ ಇಲ್ಲ. ಕೆಲಸದ ಮೇಲೆ ನಾನು ಗೊಥಲ್ಸ್ ಸೇತುವೆ ದಾಟಿ ಸ್ಟೇಟನ್ ಐಲ್ಯಾಂಡಿಗೆ ಹೋಗುವುದುಂಟು. ಅಲ್ಲಿ ಈಗ ಕಾಲೇಜಿರುವ ಜಾಗದಲ್ಲಿ ಹಿಂದೆ ವಿಲೋಬ್ರೂಕ್ ಎಂಬ, ಬುದ್ಧಿಮಾಂದ್ಯ ಮಕ್ಕಳ ಸರ್ಕಾರಿ ವಸತಿ ಶಾಲೆಯಿತ್ತು. ಮಿತಿಮೀರಿ ತುಂಬಿದ್ದ ಆ ಶಾಲೆಯಲ್ಲಿ ಹೆಪಟೈಟಿಸ್ ಸದಾ ಹರಡುತ್ತಿತ್ತು. 1956ರಿಂದ ಡಾ. ಸಾಲ್ ಕ್ರುಗ್‌ಮನ್ ಅಲ್ಲಿನ ಮಕ್ಕಳಿಗೆ ಬೇಕೆಂದೇ ಸೋಂಕು ಕೊಟ್ಟು ಅಧ್ಯಯನ ಮಾಡಿದರು. ಹೇಗೂ ತಗುಲುವ ರೋಗ ಎಂಬುದು ಅವರ ಸಮರ್ಥನೆ. ಪೋಷಕರ ಒಪ್ಪಿಗೆಯನ್ನೂ ಪಡೆದಿದ್ದರು. ಆದರೆ ಬೇರೆ ವಾರ್ಡುಗಳಲ್ಲಿ ಜಾಗವಿಲ್ಲದಾಗ ಪ್ರಯೋಗದ ವಾರ್ಡಿನ ಬಾಗಿಲು ಮಾತ್ರ ತೆರೆದಿದ್ದರೆ, ಬೇರೆ ದಾರಿಯಿಲ್ಲದ ತಾಯಿ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೆ? ಹೆಪಟೈಟಿಸ್‌ನಲ್ಲಿ ಎರಡು ಬಗೆಯಿವೆ ಎಂದು 1967ರಲ್ಲಿ ಸ್ಪಷ್ಟವಾದದ್ದು, ಸೋಂಕಿತ ಸೀರಮ್ಮನ್ನು ಕುದಿಸಿ ಕೊಟ್ಟರೆ ರಕ್ಷಣೆ ಸಿಗುತ್ತದೆ ಎಂದು 1971ರಲ್ಲಿ ತಿಳಿದದ್ದು ಈ ಮಕ್ಕಳಿಂದ. ಇಂದು ನಮ್ಮ ಮಕ್ಕಳಿಗೆ ಸಿಗುವ ಲಸಿಕೆಗೆ ಅವರ ಋಣವಿದೆ. ಆ ಶಾಲೆ 1987ರಲ್ಲಿ ಮುಚ್ಚಿತು.

ಲಸಿಕೆಯ ದೊಡ್ಡ ಪರೀಕ್ಷೆ ನಡೆದದ್ದೂ ನ್ಯೂಯಾರ್ಕಿನಲ್ಲೇ. 1978ರಲ್ಲಿ ನ್ಯೂಯಾರ್ಕ್ ಬ್ಲಡ್ ಸೆಂಟರಿನ ವೂಲ್ಫ್ ಶ್ಮೂನೆಸ್, ಈ ಸೋಂಕು ಹೆಚ್ಚಾಗಿದ್ದ ಸಲಿಂಗಕಾಮಿ ಪುರುಷರಲ್ಲಿ 1,083 ಜನರನ್ನು ಸೇರಿಸಿಕೊಂಡು ಪ್ರಯೋಗ ಆರಂಭಿಸಿದರು. ಸೋಂಕು ಶೇಕಡಾ 90ಕ್ಕಿಂತ ಹೆಚ್ಚು ಇಳಿಯಿತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ಭಾರತದ ಸರ್ಕಾರಿ ಲಸಿಕಾ ಕಾರ್ಯಕ್ರಮ ಅದನ್ನು ದೇಶದ ಎಲ್ಲ ಮಕ್ಕಳಿಗೂ ವಿಸ್ತರಿಸಿದ್ದು 2011ರಲ್ಲಿ. ಅಣ್ಣ, ನಾನು ಹುಟ್ಟಿದಾಗ ಲಸಿಕೆಯೇ ಇರಲಿಲ್ಲ. ಯಾರನ್ನು ದೂರುವುದು?

ಇನ್ನು ನಮ್ಮ ನೆಲನೆಲ್ಲಿಯ ಮಾತು. ಅದನ್ನು ಕೊಟ್ಟದ್ದಕ್ಕೆ ಅಮ್ಮನನ್ನು ನಾನು ಒಮ್ಮೆ ಗದರಿದ್ದೆ. ಆಮೇಲೆ ಓದಿದೆ: ಮದರಾಸಿನ ತಜ್ಞರೊಡನೆ ಸೇರಿ ಆ ಸೊಪ್ಪನ್ನು ಪರೀಕ್ಷಿಸಿದವರಲ್ಲಿ ಬ್ಲೂಮ್‌ಬರ್ಗ್ ಕೂಡ ಒಬ್ಬ. 1988ರ ಆ ವರದಿಯಲ್ಲಿ ಸೊಪ್ಪಿನ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಆಂಟಿಜನ್ ಮಾಯವಾಗಿತ್ತು. ಬೇರೆ ಕಡೆಯ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಅಮ್ಮ ಮಾಡಿದ್ದು ಮೂಢತನವಾಗಿರಲಿಲ್ಲ. ಆದರೆ ಅಷ್ಟಕ್ಕೇ ನಿಂತದ್ದು ನಮಗೆ ಮುಳುವಾಯಿತು.

ಹಾಗಾದರೆ ಮೂವರಲ್ಲಿ ಅಣ್ಣನ ಲಿವರ್ ಮಾತ್ರ ಯಾಕೆ ಕಲ್ಲಾಯಿತು? ವೈರಸ್ ನೇರವಾಗಿ ಲಿವರನ್ನು ತಿನ್ನುವುದಿಲ್ಲ. ಅದನ್ನು ಓಡಿಸಲು ದೇಹ ಮಾಡುವ ಹೋರಾಟದಲ್ಲಿ ಲಿವರಿನ ಕೋಶಗಳು ಸಾಯುತ್ತವೆ. ಆಗ ಸುಮ್ಮನೆ ವಿಟಮಿನ್ ಎ ಕೂಡಿಟ್ಟುಕೊಂಡಿದ್ದ ನಕ್ಷತ್ರಾಕಾರದ ಕೋಶಗಳು ಎಚ್ಚೆತ್ತು ಕೊಲಾಜನ್ ನಾರು ನೇಯತೊಡಗುತ್ತವೆ. ಗಾಯಕ್ಕೆ ಹಾಕಿದ ತೇಪೆಯ ಮೇಲೆ ತೇಪೆ ಬಿದ್ದು ಕೊನೆಗೆ ಬಟ್ಟೆಯೇ ಉಳಿಯುವುದಿಲ್ಲ. ಇದರ ವೇಗ ವೈರಸ್ಸಿನ ಪ್ರಮಾಣವನ್ನು ಅವಲಂಬಿಸಿದೆ. ತೈವಾನಿನಲ್ಲಿ 3,500ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2006ರಲ್ಲಿ ಇದನ್ನು ತೋರಿಸಿತು. ವೈರಸ್ಸಿನ ತಳಿ, ಜೊತೆಗೆ ಸೇರುವ ಡೆಲ್ಟಾ, ಸಿ ಅಥವಾ ಎಚ್‌ಐವಿ ಸೋಂಕು, ವಯಸ್ಸು, ಗಂಡಸಾಗಿರುವುದು, ಸಕ್ಕರೆ ಕಾಯಿಲೆ, ಲಿವರಿನ ಕೊಬ್ಬು, ಮದ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮದ್ಯ ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಅಣ್ಣನ ವೈರಸ್ ಪ್ರಮಾಣ ಬಹಳ ಹೆಚ್ಚಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಅಮ್ಮನಲ್ಲಿ ವೈರಸ್ ಇದ್ದೂ ಇಲ್ಲದಂತಿತ್ತು.

ಬ್ಲೂಮ್‌ಬರ್ಗ್ ಹುಡುಕಿದ್ದ ಜೀನ್‌ಗಳೂ ಕೊನೆಗೆ ಸಿಕ್ಕವು. 2008ರಲ್ಲಿ ಡಲ್ಲಾಸಿನ ವಿಜ್ಞಾನಿಗಳು, 22ನೇ ವರ್ಣತಂತುವಿನ ಪಿಎನ್‌ಪಿಎಲ್‌ಎ3 ಎಂಬ ಜೀನ್‌ನಲ್ಲಿ ಒಂದು ಅಕ್ಷರ ಬದಲಾದರೆ ಲಿವರಿನಲ್ಲಿ ಕೊಬ್ಬು ಹೆಚ್ಚುತ್ತದೆ ಎಂದು ಕಂಡರು. ಕೊಬ್ಬಿನ ಲಿವರ್, ಮದ್ಯದ ಲಿವರ್, ಹೆಪಟೈಟಿಸ್ ಸಿ ಇರುವವರಲ್ಲಿ ಅದು ಕಲೆಯನ್ನೂ ಹೆಚ್ಚಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಬಿ ವಿಷಯದಲ್ಲಿ ಅಷ್ಟು ಖಚಿತವಾದ ಪುರಾವೆಯಿಲ್ಲ. 2018ರಲ್ಲಿ ಹಡ್ಸನ್ ದಡದ ಟ್ಯಾರಿಟೌನ್‌ನ ರೀಜನರಾನ್ ಸಂಸ್ಥೆಯವರು, 46,544 ಜನರ ಜೀನ್ ದಾಖಲೆಗಳಿಂದ ಎಚ್‌ಎಸ್‌ಡಿ17ಬಿ13 ಎಂಬ ಜೀನ್‌ನ ಒಂದು ಮುರುಕು ರೂಪ ಲಿವರನ್ನು ಕಾಯುತ್ತದೆ ಎಂದು ತೋರಿಸಿದರು. ಜೀನ್ ಅಪಾಯವನ್ನು ಏರಿಸೀತು, ಇಳಿಸೀತು, ಹಣೆಬರಹ ಬರೆಯುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ. ಟೆನೊಫೊವಿರ್ ಮಾತ್ರೆಯನ್ನು 5 ವರ್ಷ ನುಂಗಿದ 96 ಸಿರೋಸಿಸ್ ರೋಗಿಗಳಲ್ಲಿ 71 ಜನರ ಲಿವರ್ ಮತ್ತೆ ಮೆತ್ತಗಾಗಿ ಸಿರೋಸಿಸ್ ಮಟ್ಟದಿಂದ ಇಳಿದಿತ್ತು. ಆ ವರದಿ ಅಚ್ಚಾದದ್ದು 2013ರಲ್ಲಿ, ಅಣ್ಣ ಹೋದ ವರ್ಷವೇ. ದಿನಕ್ಕೊಂದು ಅದೇ ಮಾತ್ರೆಯನ್ನು ಈಗ ನಾನು ನುಂಗುತ್ತೇನೆ. ಆರು ತಿಂಗಳಿಗೊಮ್ಮೆ ರಕ್ತ ಕೊಡುತ್ತೇನೆ. ಮಗಳಿಗೆ ಹುಟ್ಟಿದ ದಿನವೇ ಲಸಿಕೆ ಆಗಿದೆ.

ಕಳೆದ ವರ್ಷ ಊರಿಗೆ ಹೋದಾಗ ಅಮ್ಮ ಜಗಲಿಯ ಮೇಲೆ ಕೂತು ಕೇಳಿದಳು: "ನನ್ನಿಂದಲೇ ಬಂತೇನೋ ಅವನಿಗೆ?" ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇರಬಹುದಮ್ಮ. ನಿನಗೂ ಯಾರಿಂದಲೋ ಬಂದದ್ದೇ. ಕೊಟ್ಟದ್ದು ನಿನಗೆ ಗೊತ್ತಿರಲಿಲ್ಲ, ತಗೊಂಡದ್ದು ಅವನಿಗೆ ಗೊತ್ತಿರಲಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೆಂದಳು: "ನೀನು ಏನೇನೋ ಬರೀತೀಯಂತಲ್ಲ. ಇದನ್ನ ಬರಿ. ಅವನು ಕುಡೀತಿರಲಿಲ್ಲ ಅಂತ ಬರಿ."

ಬರೆದಿದ್ದೇನೆ.