ಗಡಿಯ ಕಾಗದ, ಸಮುದಾಯದ ಸರ್ವರ್: ಜಹೀರಾಬಾದ್, ನಾರಾಯಣಖೇಡ, ತಾಂಡೂರು

ಗಡಿಗನ್ನಡದ ಬಗ್ಗೆ ಹಿರಿಯರು ಸಾಕಷ್ಟು ಹೇಳಿದ್ದಾರೆ. ನಾನು ಅದನ್ನು ಕಾಯುವ ಯಂತ್ರದ ಬಗ್ಗೆ ಮಾತಾಡ್ತೇನೆ.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಭಾಗ ಬಿಟ್ಟು ಜಹೀರಾಬಾದ್ ತಾಲ್ಲೂಕು, ಕಲಬುರಗಿ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮೊದಲು ಉರ್ದು, ಆಮೇಲೆ ತೆಲುಗು. ಭಜನೆಯ ವಹಿ, ಮಠದ ಲೆಕ್ಕ ಇಂಥವು ಅಜ್ಜನ ಪೆಟ್ಟಿಗೆಯಲ್ಲೇ ಉಳಿದುಬಿಡುತ್ತವೆ. ನಾವೇ ಸ್ಕ್ಯಾನ್ ಮಾಡಿ ನಾವೇ ಸರ್ವರ್ ನಡೆಸ್ತೀವಿ ಅಂತ ಹೊರಟರೆ, ಕೈಯಲ್ಲಿ ದುಡ್ಡಿಲ್ಲದವರಿಗೆ ಮೊದಲು ಕಾಣುವುದು ಸಮುದಾಯ ನಡೆಸುವ ಲಿನಕ್ಸ್.

ಸೆಂಟ್‌ಓಎಸ್ ಕಥೆ ನೋಡಿ. 2004ರಲ್ಲಿ ಶುರುವಾದದ್ದು. ರೆಡ್‌ಹ್ಯಾಟ್ ದುಡ್ಡಿಗೆ ಮಾರುವ ವ್ಯವಸ್ಥೆಯ ಮೂಲಸಂಕೇತವನ್ನು ತೆಗೆದುಕೊಂಡು, ಹೆಸರು-ಗುರುತು ಕಳಚಿ, ಮತ್ತೆ ಕಟ್ಟಿ ಉಚಿತವಾಗಿ ಕೊಡುತ್ತಿದ್ದರು. ಲೈಸೆನ್ಸ್ ಖರ್ಚಿಲ್ಲ, ಹಳೇ ಯಂತ್ರದಲ್ಲೂ ಓಡುತ್ತದೆ, ಒಂದು ಆವೃತ್ತಿಗೆ ಹತ್ತು ವರ್ಷದ ಭರವಸೆ. 2014ರಲ್ಲಿ ಆ ಯೋಜನೆ ರೆಡ್‌ಹ್ಯಾಟ್‌ನ ಆಸರೆಗೆ ಬಂತು. ಒಳ್ಳೇದೇ ಆಯ್ತು ಅಂದುಕೊಂಡವರೇ ಹೆಚ್ಚು. 2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: 2029ರವರೆಗೆ ನಡೆಯಬೇಕಿದ್ದ ಸೆಂಟ್‌ಓಎಸ್ 8, 2021ರ ಕೊನೆಗೇ ಮುಗಿಯುತ್ತದೆ. ಊರವರನ್ನು ಕೇಳದೆ ಗಡಿ ಸರಿದಂತೆ! ಹೋಲಿಕೆ ಸ್ವಲ್ಪ ಅತಿಯಾಯಿತು, ಒಪ್ಪುತ್ತೇನೆ.

ಆದರೆ ಇನ್ನೊಂದು ಮುಖವೂ ಇದೆ. ಮೂಲಸಂಕೇತ ಬಯಲಲ್ಲಿ ಇದ್ದುದರಿಂದಲೇ ರಾಕಿ ಲಿನಕ್ಸ್, ಅಲ್ಮಾಲಿನಕ್ಸ್ ತಿಂಗಳುಗಳೊಳಗೆ ಹುಟ್ಟಿದವು. ಒಳಗಿನ ಕಡತಗಳನ್ನು ಮುಟ್ಟದೆ ಸರ್ವರ್ ಬದಲಾಯಿಸಬಹುದಿತ್ತು. ಒಂದೇ ಕಂಪನಿಯ ಮುಚ್ಚಿದ ವ್ಯವಸ್ಥೆಯಾಗಿದ್ದರೆ ಈ ದಾರಿ ಇರುತ್ತಿರಲಿಲ್ಲ. 1993ರಿಂದ ಇರುವ ಡೆಬಿಯನ್‌ಗೆ ಒಡೆಯ ಕಂಪನಿಯೇ ಇಲ್ಲ. ಅಲ್ಲಿನ ಕಷ್ಟ ಬೇರೆ: ಒಂದು ಆವೃತ್ತಿಗೆ ಸುಮಾರು ಐದು ವರ್ಷ ಆಯುಸ್ಸು, ಆಮೇಲೆ ನವೀಕರಿಸಲೇಬೇಕು. ರಾತ್ರಿ ಸರ್ವರ್ ಬಿದ್ದರೆ ಫೋನು ಮಾಡಿ ಬೈಯಲು ಯಾರೂ ಸಿಗುವುದಿಲ್ಲ. ಕಲಿತ ಹುಡುಗನೊಬ್ಬ ಹೈದರಾಬಾದಿಗೆ ನೌಕರಿಗೆ ಹೋದರೆ ಇಡೀ ಸಂಗ್ರಹ ಅನಾಥ. ಉಚಿತ ಅನ್ನುವ ಮಾತು ಇಲ್ಲೇ ಸುಳ್ಳಾಗುವುದು.

ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಜೋಳ, ಸಜ್ಜೆ, ನವಣೆಯ ಬೀಜ ಕಾಪಾಡಿಕೊಂಡು ಬಂದಿವೆ. ಒಯ್ದದ್ದಕ್ಕಿಂತ ಹೆಚ್ಚು ಬೀಜ ಹಿಂದಿರುಗಿಸಬೇಕು, ಅದು ಅಲ್ಲಿನ ಲೆಕ್ಕ. ಲಿನಕ್ಸ್ ವಿಷಯದಲ್ಲಿ ನಮ್ಮಲ್ಲಿ ಬಹುತೇಕರು ಒಯ್ದದ್ದೇ ಆಯ್ತು.

ನನ್ನ ಸಲಹೆ ಡೆಬಿಯನ್. ಆದರೆ ಕನಿಷ್ಠ ಇಬ್ಬರು ಕಲಿತಿರಲಿ, ಒಬ್ಬರು ಊರಲ್ಲೇ ಇರುವವರಾಗಿರಲಿ. ಒಂದು ಪ್ರತಿ ತಾಂಡೂರಿನಲ್ಲಿ, ಇನ್ನೊಂದು ಬೀದರಿನಲ್ಲಿ ಇರಲಿ. ಮೂಲ ಕಾಗದವನ್ನು ಮಾತ್ರ ಪೆಟ್ಟಿಗೆಯಿಂದ ಎಸೆಯಬೇಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.