ಬಾಗೂರಿನ ಹಿತ್ತಿಲಿಗೂ ಚರಿತ್ರೆಯಿದೆ

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಸೀಮೆಯಲ್ಲಿ ರಾಗಿ, ತೆಂಗು ಹೊಲ-ತೋಟದ ಲೆಕ್ಕ. ಬಸಳೆ, ಹೀರೆ, ಕನಕಾಂಬರ ಹಿತ್ತಿಲಿನ ಲೆಕ್ಕ. ಹೊಲಕ್ಕೆ ಪಹಣಿಯಿದೆ. ಹಿತ್ತಿಲಿನ ಕಥೆಯನ್ನು ಗಿಡಗಳೇ ಹೇಳಬೇಕು.

ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ಒಲೆಯ ಬೂದಿ ಅವರೆಯ ಹೇನಿಗೂ ಆಯಿತು, ಬಿತ್ತನೆ ಬೀಜ ಕಾಯುವುದಕ್ಕೂ ಆಯಿತು. ಬಳ್ಳಿಯಲ್ಲೇ ಒಣಗಿದ ಹೀರೆಕಾಯಿ ಮುಂದಿನ ವರ್ಷದ ಬೀಜ. ಜೀವಮಾನವಿಡೀ ಈ ಕೆಲಸ ನಡೆಸಿದವರು ಹೆಚ್ಚಾಗಿ ಹೆಂಗಸರು. ಅವರನ್ನು ತೋಟಗಾರರೆಂದು ಯಾರೂ ಕರೆಯಲಿಲ್ಲ, ಕರೆಯಬೇಕಿತ್ತು.

ಹಿತ್ತಿಲಿನಲ್ಲಿ ನಮ್ಮವೇ ಎನಿಸುವ ಮೆಣಸಿನಕಾಯಿ, ಪರಂಗಿ, ಸೀಬೆ ಮೂರೂ ಅಮೆರಿಕ ಖಂಡಗಳ ಮೂಲದವು. 16ನೇ ಶತಮಾನದಿಂದ ಪೋರ್ಚುಗೀಸರ ಹಡಗಿನ ದಾರಿಯಲ್ಲಿ ಬಂದವು. ಸೀಮೆಬದನೆಯನ್ನು ಬೆಂಗಳೂರಿನಲ್ಲಿ ಬೇರೂರಿಸಿದ್ದು 1874ರಿಂದ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್. 1908ರಲ್ಲಿ ಅವರ ಜಾಗಕ್ಕೆ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬಂದರು. ಮುಂದೆ ಡಾ. ಎಂ.ಎಚ್. ಮರಿಗೌಡರು ಬದುಕನ್ನೇ ತೋಟಗಾರಿಕೆಗೆ ಕೊಟ್ಟು, ರಾಜ್ಯದುದ್ದಕ್ಕೂ ಸಸ್ಯಕ್ಷೇತ್ರ ತೆರೆದು, ಕಸಿಗಿಡಗಳನ್ನು ಹಳ್ಳಿಗೆ ತಲುಪಿಸಿದರು.

ಗಿಡಗಳು ಹೀಗೆ ಹೊರಗಿನಿಂದ ಬಂದವು, ನೀರಿನ ಕಥೆ ಬೇರೆ. ಹೇಮಾವತಿ ನದಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದರ ನಾಲೆಯ ನೀರು ಬಾಗೂರು–ನವಿಲೆ ಸುರಂಗದೊಳಗೆ ತುಮಕೂರಿನತ್ತ ಹರಿಯುತ್ತದೆ.

ನಿಮ್ಮ ಮನೆಯ ಹಿರಿಯರನ್ನು ಕೇಳಿ: ಯಾವ ಬೀಜ, ಯಾರ ಮನೆಯಿಂದ ಬಂತು? ಬರೆದಿಡಿ.