ಮಕ್ಕಳು ಬೆಳೆದ ಮೇಲೆ ಮತ್ತೆ ದುಡಿಮೆಗೆ

ಉದ್ಯೋಗದ ಅರ್ಜಿಗಳಲ್ಲಿ ‘ಹಿಂದಿನ ಅನುಭವ’ ಎಂದೊಂದು ಅಂಕಣವಿರುತ್ತದೆ. ಪದವಿ ಮುಗಿಸಿ, ಒಂದೆರಡು ವರ್ಷ ದುಡಿದು, ಆಮೇಲೆ ಮದುವೆ, ಬಾಣಂತನ, ಮಕ್ಕಳ ಶಾಲೆ ಎಂದು ಹತ್ತು ಹನ್ನೆರಡು ವರ್ಷ ಮನೆಯಲ್ಲೇ ಕಳೆದ ಹೆಣ್ಣುಮಗಳ ಪೆನ್ನು ಈ ಅಂಕಣದ ಬಳಿ ಬಂದು ನಿಂತುಬಿಡುತ್ತದೆ. ಸಂದರ್ಶನಕ್ಕೆ ಕರೆ ಬಂದರೂ ಅಲ್ಲಿ ಎದುರಾಗುವುದು ಅದೇ ಪ್ರಶ್ನೆ: ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’ ನಸುಕಿನಿಂದ ನಡುರಾತ್ರಿಯವರೆಗೆ ಬಿಡುವಿಲ್ಲದೆ ದುಡಿದವಳು ‘ಏನೂ ಇಲ್ಲ, ಮನೆಯಲ್ಲಿದ್ದೆ’ ಎಂದು ತಗ್ಗಿದ ದನಿಯಲ್ಲಿ ಹೇಳಿ ಬರುತ್ತಾಳೆ.

ಇದು ಇಂದಿನ ನಗರ ಜೀವನದ ಸಮಸ್ಯೆ ಎಂದು ನಾವು ತಿಳಿಯುತ್ತೇವೆ. ಆದರೆ ಇದಕ್ಕೊಂದು ಇತಿಹಾಸವಿದೆ. ಈ ಬಾಗಿಲು ತಾನಾಗಿ ಮುಚ್ಚಿಕೊಂಡದ್ದಲ್ಲ; ಹಲವು ಕಡೆ ನಿಯಮ ಮಾಡಿಯೇ ಮುಚ್ಚಿದ್ದರು. ಅದು ತಾನಾಗಿ ತೆರೆದದ್ದೂ ಅಲ್ಲ. ತೆರೆದವರ ಕಥೆಯಲ್ಲಿ ಇಂದಿನವರಿಗೂ ಉಪಯೋಗಕ್ಕೆ ಬರುವ ಸಂಗತಿಗಳಿವೆ.

ಗಡಿಯಾರ ತಂದ ಬದಲಾವಣೆ

ಹೊಲಗದ್ದೆಯಲ್ಲಿ ದುಡಿಯುವ ಹೆಂಗಸಿಗೆ ‘ಮತ್ತೆ ಕೆಲಸಕ್ಕೆ ಸೇರುವುದು’ ಎಂಬ ಮಾತೇ ಇಲ್ಲ. ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ, ಮಗುವನ್ನು ಮಲಗಿಸಿ ಅವಳು ನಾಟಿಗೆ ಇಳಿಯುತ್ತಿದ್ದಳು. ಮಗ್ಗದ ಮನೆಯಲ್ಲಿ ನೂಲು ಸುತ್ತುವವಳಿಗೂ, ಕರಾವಳಿಯ ಜಗಲಿಯಲ್ಲಿ ಬೀಡಿ ಕಟ್ಟುವವಳಿಗೂ ಮನೆ ಮತ್ತು ದುಡಿಮೆಯ ನಡುವೆ ಗೋಡೆ ಇರಲಿಲ್ಲ. ಅದು ಸುಖದ ಬದುಕೇನೂ ಆಗಿರಲಿಲ್ಲ. ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ಕಳೆ ಕೀಳಲು ಹೋಗಬೇಕಾದ ಬಡತನ ಅದರಲ್ಲಿತ್ತು. ಆದರೆ ದುಡಿಮೆಯಿಂದ ಹೊರಬಿದ್ದವಳು ಎಂಬ ಹೆಸರು ಮಾತ್ರ ಅವಳಿಗೆ ಬರಲಿಲ್ಲ.

ಕಾರ್ಖಾನೆ, ಕಚೇರಿ, ಶಾಲೆಗಳು ಬಂದ ಮೇಲೆ ದುಡಿಮೆ ಮನೆಯಿಂದ ಹೊರಟು ಬೇರೊಂದು ಕಟ್ಟಡ ಸೇರಿತು. ಇಷ್ಟು ಗಂಟೆಗೆ ಬರಬೇಕು, ಇಷ್ಟು ಗಂಟೆಗೆ ಹೋಗಬೇಕು ಎಂಬ ಕಟ್ಟುಪಾಡು ಬಂತು. ಮನೆಯಲ್ಲಿ ಎಲ್ಲವನ್ನೂ ನೋಡಿಕೊಳ್ಳುವವರು ಒಬ್ಬರಿದ್ದಾರೆ ಎಂದು ಮೊದಲೇ ಲೆಕ್ಕ ಹಾಕಿ ಈ ವೇಳಾಪಟ್ಟಿ ಮಾಡಿದ್ದರು. ಹಾಗಾಗಿ ಓದಿದ ಹೆಣ್ಣು ನೌಕರಿಗೆ ಬಂದಾಗ ಅವಳು ಮದುವೆಯಾಗುವವರೆಗೆ ಮಾತ್ರ ಇರುವವಳು ಎಂದು ಎಲ್ಲರೂ ಭಾವಿಸಿದರು.

ಇಂಗ್ಲೆಂಡಿನಲ್ಲಿ ಈ ಭಾವನೆ ನಿಯಮವೇ ಆಯಿತು. ಮದುವೆಯಾದ ಶಿಕ್ಷಕಿಯರನ್ನು ಕೆಲಸದಿಂದ ಬಿಡಿಸುವ ಪದ್ಧತಿಗೆ ಅಲ್ಲಿ ಕಾನೂನಿನ ತಡೆ ಬಿದ್ದದ್ದು 1944ರಲ್ಲಿ. ಸರ್ಕಾರಿ ಕಚೇರಿಗಳಲ್ಲಿ 1946ರವರೆಗೆ, ವಿದೇಶಾಂಗ ಸೇವೆಯಲ್ಲಿ 1973ರವರೆಗೆ ಅದು ಉಳಿದಿತ್ತು.

ಸ್ವತಂತ್ರ ಭಾರತವೂ ಈ ಬಳುವಳಿಯನ್ನು ಪೂರ್ತಿಯಾಗಿ ಕಳಚಿಕೊಳ್ಳಲಿಲ್ಲ. 1961ರ ವಿದೇಶಾಂಗ ಸೇವಾ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ತೋರಿದರೆ ಅವಳು ರಾಜೀನಾಮೆ ಕೊಡಬೇಕಾಗಬಹುದಿತ್ತು. ಪುರುಷ ಅಧಿಕಾರಿಗೆ ಇಂಥ ಷರತ್ತು ಇರಲಿಲ್ಲ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ನಮ್ಮ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದ ಅವರು ಮದುವೆಯಾಗಲೇ ಇಲ್ಲ. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳ ಹಿಂದಿರುವ ತಾರತಮ್ಯವನ್ನು ಕಟುವಾಗಿ ಟೀಕಿಸಿದರು. ಮೊದಲ ಬಸುರಿಗೇ ಗಗನಸಖಿಯ ಕೆಲಸ ಹೋಗುತ್ತಿದ್ದ ಏರ್ ಇಂಡಿಯಾದ ನಿಯಮವನ್ನು ಅದೇ ನ್ಯಾಯಾಲಯ 1981ರಲ್ಲಿ ಹೊಡೆದುಹಾಕಿತು.

ಹೀಗಾಗಿ ‘ಹೆಂಗಸರು ತಾವಾಗಿಯೇ ಕೆಲಸ ಬಿಡುತ್ತಾರೆ’ ಎನ್ನುವಾಗ ಸ್ವಲ್ಪ ತಡೆದು ಮಾತಾಡುವುದು ಒಳ್ಳೆಯದು. ಬಿಟ್ಟವರೆಷ್ಟೋ, ಬಿಡಿಸಲ್ಪಟ್ಟವರೂ ಅಷ್ಟೇ ಇದ್ದಾರು.

ತೊಟ್ಟಿಲಿನಿಂದ ವಿದ್ಯುತ್ ಗೋಪುರದವರೆಗೆ

ಈಗ ನೌಕರಿಯನ್ನೇ ಕಾಣದೆ ತಾಯಿಯಾದ ಒಬ್ಬರ ಕಥೆ. ಮದರಾಸಿನ ತೆಲುಗು ಕುಟುಂಬವೊಂದರಲ್ಲಿ 1919ರಲ್ಲಿ ಹುಟ್ಟಿದ ಎ. ಲಲಿತಾ ಅವರಿಗೆ ಹದಿನೈದನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹದಿನೆಂಟು ತುಂಬುವಷ್ಟರಲ್ಲಿ ಮಗಳು ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಗಂಡ ತೀರಿಕೊಂಡರು. ಆ ಕಾಲದಲ್ಲಿ ಇಂಥವಳ ಪಾಲಿಗೆ ಉಳಿಯುತ್ತಿದ್ದುದು ಮನೆಯ ಹಿಂದಿನ ಕೋಣೆ.

ಲಲಿತಾ ಮತ್ತೆ ಪುಸ್ತಕ ಹಿಡಿದರು. ಕ್ವೀನ್ ಮೇರಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದರು. ಮುಂದೇನು ಎಂಬಲ್ಲಿ ಅವರು ಮಾಡಿದ ಆಯ್ಕೆ ಸ್ವಾರಸ್ಯಕರವಾಗಿದೆ. ಓದುವ ಹೆಣ್ಣುಮಕ್ಕಳು ಆಗ ವೈದ್ಯಕೀಯದತ್ತ ಹೋಗುತ್ತಿದ್ದರು. ಆದರೆ ವೈದ್ಯೆಗೆ ನಡುರಾತ್ರಿ ಕರೆ ಬಂದರೂ ಮಗುವನ್ನು ಬಿಟ್ಟು ಓಡಬೇಕು. ಗೊತ್ತಾದ ವೇಳೆಗೆ ಹೋಗಿ ಗೊತ್ತಾದ ವೇಳೆಗೆ ಮನೆಗೆ ಬರುವ ಕೆಲಸ ಅವರಿಗೆ ಬೇಕಿತ್ತು. ತಂದೆ ಪಪ್ಪು ಸುಬ್ಬರಾವ್ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಪ್ರಾಧ್ಯಾಪಕರು. ಅಲ್ಲಿ ಅದುವರೆಗೆ ಗಂಡುಮಕ್ಕಳಷ್ಟೇ ಓದುತ್ತಿದ್ದರು. ತಂದೆ ಪ್ರಾಂಶುಪಾಲರಾದ ಕೆ.ಸಿ. ಚಾಕೋ ಅವರನ್ನು ಕಂಡು ಮಾತಾಡಿದರು. 1940ರಲ್ಲಿ ಮಗಳಿಗೆ ಪ್ರವೇಶ ಸಿಕ್ಕಿತು. ಅವರ ಬೆನ್ನಿಗೇ ಪಿ.ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್ ವಿಭಾಗಕ್ಕೆ ಸೇರಿದರು.

ಓದು ಮುಗಿದಾಗ ವಿಶ್ವವಿದ್ಯಾಲಯದ ಪ್ರಮಾಣಪತ್ರದಲ್ಲಿ ‘ಅವನು’ ಎಂಬ ಅರ್ಥದ ಪದವೇ ಅಚ್ಚಾಗಿತ್ತು. ಅದನ್ನು ಹೊಡೆದು ಕೈಯಲ್ಲಿ ‘ಅವಳು’ ಎಂದು ತಿದ್ದಿ ಕೊಡಬೇಕಾಯಿತು! ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿ, ಶಿಮ್ಲಾದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕೆಲಸ, ಕೆಲಕಾಲ ತಂದೆಯ ಸಂಶೋಧನೆಗೆ ನೆರವು, ಹೀಗೆ ಕೆಲವು ವರ್ಷಗಳು ಕಳೆದವು. 1948ರಲ್ಲಿ ಅವರು ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿ ವಿದ್ಯುತ್ ಸಾಗಣೆ ಮಾರ್ಗಗಳ ವಿನ್ಯಾಸದಲ್ಲಿ ತೊಡಗಿದರು. ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಜಾಲಕ್ಕೂ ಅವರ ಕೈ ತಾಗಿದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಅವರು ಹೋಗಿಬಂದರು.

ಈ ಕಥೆಯಲ್ಲಿ ಲಲಿತಾ ಅವರ ಛಲವನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಕಲ್ಕತ್ತೆಯಲ್ಲಿ ಸೋದರನ ಮನೆಯಿತ್ತು, ಅವರು ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳುವವರು ಅಲ್ಲಿದ್ದರು ಎಂಬುದನ್ನೂ ಮರೆಯಬಾರದು. ಪ್ರತಿಭೆಯಷ್ಟೇ ಮುಖ್ಯವಾದದ್ದು ಮಗುವನ್ನು ಎತ್ತಿಕೊಳ್ಳಲು ಮುಂದೆ ಬರುವ ಇನ್ನೊಂದು ಜೊತೆ ಕೈ.

ಬಿಟ್ಟ ಓದಿಗೆ ಸೇತುವೆ

ಎಲ್ಲರಿಗೂ ಪ್ರಾಧ್ಯಾಪಕ ತಂದೆ ಇರುವುದಿಲ್ಲ. ಅರ್ಧಕ್ಕೆ ಓದು ಬಿಟ್ಟ ಪ್ರಾಯದ ಹೆಂಗಸರು ಸಣ್ಣ ಮಕ್ಕಳ ಜೊತೆ ತರಗತಿಯಲ್ಲಿ ಕೂರಲಾರರು. ಅವರಿಗೆ ಬೇರೆಯದೇ ದಾರಿ ಬೇಕು ಎಂದು ಮೊದಲು ಕಂಡುಕೊಂಡವರಲ್ಲಿ ರಮಾಬಾಯಿ ರಾನಡೆ ಒಬ್ಬರು. ಅವರು 1909ರಲ್ಲಿ ಪುಣೆಯಲ್ಲಿ ಸೇವಾಸದನವನ್ನು ಕಟ್ಟಿದರು. ಗೃಹಿಣಿಯರು, ವಿಧವೆಯರು ಅಲ್ಲಿಗೆ ಬಂದು ಅಕ್ಷರ, ಹೊಲಿಗೆ, ದಾದಿಯ ಕೆಲಸ ಕಲಿತರು.

ದುರ್ಗಾಬಾಯಿ ದೇಶಮುಖ್ ಇದನ್ನು ದೇಶದ ಮಟ್ಟಕ್ಕೆ ಒಯ್ದರು. ಎಂಟನೆಯ ವಯಸ್ಸಿಗೇ ಮದುವೆಯಾಗಿ, ಮುಂದೆ ಆ ಬಂಧನದಿಂದ ಹೊರಬಂದು, ಖಾಸಗಿಯಾಗಿ ಪರೀಕ್ಷೆ ಕಟ್ಟಿ ವಕೀಲೆಯಾದವರು ಅವರು. ಮದರಾಸಿನಲ್ಲಿ ಅವರು ಕಟ್ಟಿದ ಆಂಧ್ರ ಮಹಿಳಾ ಸಭಾ ಹೆಂಗಸರನ್ನು ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಸಿದ್ಧಪಡಿಸುತ್ತಿತ್ತು. ಮುಂದೆ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಅಧ್ಯಕ್ಷೆಯಾಗಿದ್ದಾಗ ಇದೇ ಅನುಭವವನ್ನು ಆಧರಿಸಿ 1958ರಲ್ಲಿ ಸಂಕ್ಷಿಪ್ತ ಶಿಕ್ಷಣ ಕ್ರಮವನ್ನು ಆರಂಭಿಸಿದರು. ಹಲವು ವರ್ಷಗಳ ಶಾಲಾ ಪಾಠವನ್ನು ಎರಡು ವರ್ಷಕ್ಕೆ ಅಡಕ ಮಾಡಿ ಪ್ರಾಯದ ಹೆಂಗಸರಿಗೆ ಕಲಿಸುವ ಯೋಜನೆ ಅದು. ಒಂದು ಕಡೆ ಹಳ್ಳಿಗಳಿಗೆ ಶಿಕ್ಷಕಿಯರು, ದಾದಿಯರು, ಬಾಲಸೇವಿಕೆಯರು ಸಿಗುತ್ತಿರಲಿಲ್ಲ. ಇನ್ನೊಂದು ಕಡೆ ದುಡಿಯಬಲ್ಲ ಹೆಂಗಸರಿಗೆ ಪ್ರಮಾಣಪತ್ರವಿರಲಿಲ್ಲ. ಈ ಎರಡು ಕೊರತೆಗಳನ್ನು ಒಂದಕ್ಕೊಂದು ಜೋಡಿಸಿದ್ದೇ ಈ ಯೋಜನೆಯ ಜಾಣತನ.

ಕೆಲಸವೇ ಮನೆಗೆ ಬಂದಾಗ

ಹೆಂಗಸನ್ನು ಕೆಲಸಕ್ಕೆ ತಕ್ಕಂತೆ ತಿದ್ದುವುದು ಒಂದು ದಾರಿ. ಕೆಲಸವನ್ನೇ ಹೆಂಗಸಿನ ದಿನಚರಿಗೆ ತಕ್ಕಂತೆ ತಿದ್ದುವುದು ಇನ್ನೊಂದು.

1959ರ ಮಾರ್ಚ್ 15ರಂದು ಬೊಂಬಾಯಿಯ ಗಿರಗಾಂವ್‌ನ ಕಟ್ಟಡವೊಂದರ ತಾರಸಿಯಲ್ಲಿ ಏಳು ಗೃಹಿಣಿಯರು ಹಪ್ಪಳ ಲಟ್ಟಿಸಲು ಕೂತರು. ಬಂಡವಾಳ 80 ರೂಪಾಯಿ, ಅದೂ ಸಾಲ. ಮೊದಲ ದಿನ ನಾಲ್ಕು ಪೊಟ್ಟಣ ಹಪ್ಪಳವಾಯಿತು. ಇದೇ ಮುಂದೆ ಲಿಜ್ಜತ್ ಎಂಬ ಹೆಸರಿನಲ್ಲಿ ದೇಶವೆಲ್ಲ ಹಬ್ಬಿತು. ಬೆಳಿಗ್ಗೆ ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಮಕ್ಕಳನ್ನು ನೋಡಿಕೊಳ್ಳುತ್ತಲೇ ಲಟ್ಟಿಸಿ ಒಣಗಿಸಿ, ಮರುದಿನ ತಂದೊಪ್ಪಿಸಿ ಕೂಲಿ ಪಡೆಯುವುದು ಅಲ್ಲಿನ ಕ್ರಮ. ದುಡಿಯುವವರೇ ಒಡತಿಯರು, ಒಬ್ಬರನ್ನೊಬ್ಬರು ಕರೆಯುವುದು ‘ಬೆಹೆನ್’ ಎಂದು.

ಇಂಗ್ಲೆಂಡಿನಲ್ಲಿ ಇದೇ ಮಾತನ್ನು ಕಂಪ್ಯೂಟರ್ ಕ್ಷೇತ್ರದಲ್ಲಿ ಸಾಧಿಸಿ ತೋರಿಸಿದವರು ಸ್ಟೆಫನಿ ಶರ್ಲಿ. ನಾಜಿಗಳ ಕಾಟದಿಂದ ಪಾರಾಗಲು ಐದರ ಬಾಲೆಯಾಗಿ 1939ರಲ್ಲಿ ಅಲ್ಲಿಗೆ ಬಂದವರು ಅವರು. 1962ರಲ್ಲಿ ಆರು ಪೌಂಡ್ ಹಣದೊಂದಿಗೆ ಮನೆಯ ಊಟದ ಮೇಜಿನ ಮೇಲೆ ಪ್ರೋಗ್ರಾಂ ಬರೆದುಕೊಡುವ ಕಂಪೆನಿ ತೆರೆದರು. ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಟ್ಟಿದ್ದ ನುರಿತ ಹೆಂಗಸರನ್ನೇ ಹುಡುಕಿ ಸೇರಿಸಿಕೊಂಡರು. ಅವರೆಲ್ಲ ತಮ್ಮ ಮನೆಗಳಿಂದಲೇ ದುಡಿಯುತ್ತಿದ್ದರು. ಗಿರಾಕಿ ಫೋನ್ ಮಾಡಿದಾಗ ಮಗುವಿನ ಅಳು ಕೇಳಿಸಬಾರದೆಂದು ಶರ್ಲಿ ಟೈಪ್‌ರೈಟರಿನ ಸದ್ದನ್ನು ಟೇಪ್ ಮಾಡಿಟ್ಟು ನುಡಿಸುತ್ತಿದ್ದರಂತೆ. ಹೆಣ್ಣಿನ ಸಹಿಯಿದ್ದ ಪತ್ರಕ್ಕೆ ಉತ್ತರ ಬರದಿದ್ದಾಗ ‘ಸ್ಟೀವ್’ ಎಂದು ಸಹಿ ಮಾಡತೊಡಗಿದರು. ಉತ್ತರಗಳು ಬಂದವು!

ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರು. ಕಾಂಕರ್ಡ್ ವಿಮಾನದ ಕಪ್ಪು ಪೆಟ್ಟಿಗೆಯ ಪ್ರೋಗ್ರಾಂ ಬರೆದದ್ದೂ ಇವರೇ. 1975ರಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ಬಂದಾಗ, ಹೆಂಗಸರನ್ನೇ ಸೇರಿಸಿಕೊಳ್ಳುವ ಅವರ ನೀತಿಯೇ ಕಾನೂನುಬಾಹಿರವಾದದ್ದು ಇತಿಹಾಸದ ತಮಾಷೆ. ಶರ್ಲಿ 2025ರಲ್ಲಿ ನಿಧನರಾದರು.

ಲಿಜ್ಜತ್ತಿಗೂ ಶರ್ಲಿಯ ಕಂಪೆನಿಗೂ ಒಂದು ದೊಡ್ಡ ಅಂತರವಿದೆ. ಲಿಜ್ಜತ್ ಅಡುಗೆಮನೆಯ ಕೌಶಲಕ್ಕೆ ಬೆಲೆ ಕಟ್ಟಿತು. ಓದು ಇಲ್ಲದವರಿಗೆ ಅದು ದೊಡ್ಡ ಆಸರೆ. ಶರ್ಲಿ ಓದಿದವರ ಓದಿಗೇ ಮತ್ತೆ ಕೆಲಸ ಕೊಟ್ಟರು. ಗಣಿತ ಕಲಿತವಳು ಮಕ್ಕಳಾದ ಮೇಲೆ ಸಿಕ್ಕಿದ ಕೆಲಸಕ್ಕೆ ಒಪ್ಪಿಕೊಳ್ಳಬೇಕಾಗುವುದೇ ಸಾಮಾನ್ಯ. ಸಂಬಳ ಬಂದರೂ ತೃಪ್ತಿ ಬರುವುದಿಲ್ಲ. ಮರಳಿ ಕೆಲಸಕ್ಕೆ ಹೋಗುವುದು ಬೇರೆ, ಮರಳಿ ತನ್ನ ಕೆಲಸಕ್ಕೆ ಹೋಗುವುದು ಬೇರೆ.

ಈ ವ್ಯತ್ಯಾಸವನ್ನು ನಮ್ಮ ಸರ್ಕಾರವೂ ತಡವಾಗಿ ಗುರುತಿಸಿತು. ಸಂಸಾರಕ್ಕಾಗಿ ಸಂಶೋಧನೆ ನಿಲ್ಲಿಸಿದ ಮಹಿಳಾ ವಿಜ್ಞಾನಿಗಳು ತಮ್ಮದೇ ವಿಷಯಕ್ಕೆ ಮರಳಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002–03ರಲ್ಲಿ ವಿಶೇಷ ನೆರವಿನ ಯೋಜನೆ ಆರಂಭಿಸಿತು. ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ 2017ರ ತಿದ್ದುಪಡಿ, 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ವಿಧಿಸಿತು. ರಜೆ ಹೊರಗೆ ಹೋಗುವ ಬಾಗಿಲಾದರೆ, ಶಿಶುಪಾಲನಾ ಕೇಂದ್ರ ಒಳಗೆ ಬರುವ ಬಾಗಿಲು. ಎರಡೂ ಇಲ್ಲದೆ ಮನೆ ಪೂರ್ಣವಾಗದು.

ಮನೆಯಲ್ಲಿ ಕಳೆದ ವರ್ಷಗಳು

ಕೊನೆಗೆ ನಮ್ಮ ನಾಡಿನದೇ ಒಂದು ಉದಾಹರಣೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿಗೇ ಮದುವೆ. ಶಾಲೆಯ ಓದು ಅಲ್ಲಿಗೆ ಮುಗಿಯಿತು. ಅವರು ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಸುಮಾರಿಗೆ, ಸಂಸಾರದ ಅರ್ಧ ದಾರಿ ಸಾಗಿದ ಮೇಲೆ. ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂತು. ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. 1976ರಲ್ಲಿ ಬಂದ ‘ಫಣಿಯಮ್ಮ’ ಪ್ರೇಮಾ ಕಾರಂತರ ಚಿತ್ರವಾಗಿ ನಾಡಿನ ಹೊರಗೂ ಹೆಸರಾಯಿತು.

ಇಂದಿರಾ ಅವರಿಗೆ ಈ ಬರವಣಿಗೆಯ ಬಂಡವಾಳ ಎಲ್ಲಿಂದ ಬಂತು? ಅಡುಗೆಮನೆ, ಹಿತ್ತಿಲು, ಬಾಣಂತಿಕೋಣೆಗಳಿಂದಲೇ. ಮಲೆನಾಡಿನ ಮನೆಗಳ ಒಳಗೆ ಹೆಂಗಸರು ಪಿಸುದನಿಯಲ್ಲಿ ಆಡಿಕೊಂಡದ್ದನ್ನು ಅವರು ವರ್ಷಗಟ್ಟಲೆ ಕೇಳಿಸಿಕೊಂಡಿದ್ದರು. ಫಣಿಯಮ್ಮನ ಕಥೆ ಅವರಿಗೆ ಸಿಕ್ಕಿದ್ದು ತಮ್ಮ ಮನೆತನದಲ್ಲೇ. ಸಂದರ್ಶನದ ಕೋಣೆಯಲ್ಲಿ ‘ಏನೂ ಇಲ್ಲ’ ಎಂದು ಹೇಳಿಬಿಡುವಂಥ ವರ್ಷಗಳೇ ಇಲ್ಲಿ ಎಲ್ಲವೂ ಆಗಿದ್ದವು.

ಎಲ್ಲರೂ ಇಂದಿರಾ ಆಗಲಾರರು, ಲಲಿತಾ ಆಗಬೇಕಾಗಿಯೂ ಇಲ್ಲ. ಮನೆಯಲ್ಲೇ ಉಳಿಯುವುದನ್ನು ಇಷ್ಟಪಟ್ಟು ಆರಿಸಿಕೊಂಡವರೂ ಇದ್ದಾರೆ. ಅದು ಕೀಳಾದ ಆಯ್ಕೆಯಲ್ಲ. ಆದರೆ ಹೊರಡಬೇಕೆಂದವಳಿಗೆ ಈ ಇತಿಹಾಸ ಒಂದು ಧೈರ್ಯ ಹೇಳುತ್ತದೆ. ಬಾಗಿಲು ಮುಚ್ಚಿದ್ದರಲ್ಲಿ ತಪ್ಪು ಅವಳದಾಗಿರಲಿಲ್ಲ. ತೆರೆದಾಗಲೆಲ್ಲ ಅವಳ ಛಲದ ಜೊತೆಗೆ ಒಬ್ಬ ತಂದೆ, ಒಬ್ಬ ಅತ್ತಿಗೆ, ಒಂದು ಸಂಸ್ಥೆ ಅಥವಾ ಒಂದು ಕಾನೂನು ಕೈಜೋಡಿಸಿತ್ತು.

ಮೇಜಿನ ಆಚೆ ಕೂತು ಸಂದರ್ಶನ ಮಾಡುವವರಿಗೂ ಇದರಲ್ಲಿ ಪಾಠವಿದೆ. ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಅವರು ಕೇಳಲಿ. ಆದರೆ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ವ್ಯವಧಾನವೂ ಅವರಿಗಿರಲಿ. ಆಗ ಉತ್ತರ ಕೊಡುವವಳ ದನಿಯೂ ತಗ್ಗಬೇಕಾಗಿಲ್ಲ.